ಬಂದೂಕಿನ ಮಾತು ಸಾಕು, ತೋಟಾದ ಲೆಕ್ಕ ಕೊಡಿ

ಬೇಟೆಯ ಬಗ್ಗೆ ನಮ್ಮ ಕಡೆ ಮಾತನಾಡುವವರೆಲ್ಲರೂ ಬಂದೂಕಿನ ಬಗ್ಗೆಯೇ ಮಾತನಾಡುತ್ತಾರೆ. ಯಾರ ಮನೆಯಲ್ಲಿ ಜೋಡುನಳಿಗೆ ಇತ್ತು, ಯಾರ ಅಜ್ಜ ಎಷ್ಟು ದೂರದಿಂದ ಗುರಿ ಹೊಡೆದರು, ಯಾರ ಪಡಸಾಲೆಯ ಗೋಡೆಯ ಮೇಲೆ ಕೃಷ್ಣಮೃಗದ ಕೋಡುಗಳಿದ್ದವು, ಇವೇ ಕಥೆಗಳು. ಆ ಬಂದೂಕಿನೊಳಗೆ ಹೋಗಬೇಕಾದ ತೋಟಾಗಳನ್ನು ಯಾರು ಹೊತ್ತರು, ಯಾರು ವಿಂಗಡಿಸಿದರು, ಸಂಜೆ ಎಷ್ಟು ಮರಳಿ ಬಂದವು ಎಂದು ಕೇಳಿದರೆ ಕಥೆ ಹೇಳುವವರು ಮುಖ ಮುಖ ನೋಡುತ್ತಾರೆ. ಮೂವತ್ತಾರು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ನಾನು. ಲೆಕ್ಕವಿಲ್ಲದ ಕಥೆಯನ್ನು ನಂಬುವುದು ನನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಈ ಲೇಖನ ಸ್ವಲ್ಪ ಖಾರವಾಗಿದ್ದರೆ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಮನ್ನಿಸಬೇಕು. ಮನ್ನಿಸದಿದ್ದರೂ ಚಿಂತೆಯಿಲ್ಲ, ಪೂರ್ತಿ ಓದಿದರೆ ಸಾಕು.

ಇದನ್ನು ಬರೆಯಲು ಕಾರಣವಿದೆ. ನಮ್ಮ ಹಿರೇಹಡಗಲಿ ಸೀಮೆಯ ಕೆಲವು ಉತ್ಸಾಹಿಗಳು ಒಂದು ಮನವಿಪತ್ರ ಸಿದ್ಧಪಡಿಸಿ ಹಿರಿಯರ ಸಹಿ ಸಂಗ್ರಹಿಸುತ್ತಿದ್ದಾರೆ. ಅದರಲ್ಲಿ ಎರಡು ಬೇಡಿಕೆಗಳಿವೆ. ಕಾಡುಹಂದಿಯಿಂದ ಬೆಳೆ ಕಳೆದುಕೊಂಡ ರೈತನಿಗೆ ತಡಮಾಡದೆ ಪರಿಹಾರ ಕೊಡಬೇಕೆಂಬುದು ಮೊದಲನೆಯದು. ಬೆಳೆ ರಕ್ಷಣೆಗಾಗಿ ಬಂದೂಕಿನ ಪರವಾನಗಿಗಳನ್ನು ಧಾರಾಳವಾಗಿ ಕೊಟ್ಟು, ‘ನಮ್ಮ ಹಿರಿಯರ ಬೇಟೆಯ ಪರಂಪರೆ’ಯನ್ನು ಮರಳಿ ತರಬೇಕೆಂಬುದು ಎರಡನೆಯದು. ಮೊದಲನೆಯದು ನ್ಯಾಯ. ಎರಡನೆಯದು ಅನ್ಯಾಯವೆಂದು ನಾನು ಹೇಳುವುದಿಲ್ಲ. ಅರ್ಧ ಮಾತ್ರ ಬರೆದ ಲೆಕ್ಕ ಅದು ಎನ್ನುತ್ತೇನೆ, ಮತ್ತು ಅರ್ಧ ಬರೆದ ಲೆಕ್ಕಕ್ಕೆ ನಾನು ಎಂದೂ ಅಂಕ ಕೊಟ್ಟವನಲ್ಲ.

ರೈತನ ಸಂಕಟವನ್ನು ನಾನು ಅಲ್ಲಗಳೆಯುತ್ತಿಲ್ಲ. ಒಂದು ರಾತ್ರಿ ಹಂದಿಗಳ ಹಿಂಡು ಶೇಂಗಾದ ಹೊಲಕ್ಕೆ ನುಗ್ಗಿದರೆ ಬೆಳಗಾಗುವುದರೊಳಗೆ ಹೊಲ ರಂಟೆ ಹೊಡೆದಂತೆ ಆಗಿರುತ್ತದೆ. ಮೆಕ್ಕೆಜೋಳದ ತೆನೆಯನ್ನು ಅವು ತಿನ್ನುವುದಕ್ಕಿಂತ ತುಳಿದು ಕೆಡಿಸುವುದೇ ಹೆಚ್ಚು. ಮಂಚಿಕೆಯ ಮೇಲೆ ಕುಳಿತು ಡಬ್ಬಿ ಬಡಿಯುತ್ತ ರಾತ್ರಿಯೆಲ್ಲ ನಿದ್ದೆಗೆಟ್ಟವನಿಗೆ ವನ್ಯಜೀವಿ ಪ್ರೇಮದ ಉಪದೇಶ ಮಾಡುವಷ್ಟು ಕಟುಕ ನಾನಲ್ಲ. ಆದರೆ ಆ ರೈತನ ಸಂಕಟದ ಹೆಗಲ ಮೇಲೆ ಬಂದೂಕಿಟ್ಟು, ಪಟ್ಟಣದಲ್ಲಿ ಕುಳಿತ ಮೊಮ್ಮಕ್ಕಳು ತಮ್ಮ ಅಜ್ಜಂದಿರ ಶಿಕಾರಿಯ ವೈಭವವನ್ನು ಮರಳಿ ಕಾಣಬಯಸುತ್ತಿದ್ದಾರಲ್ಲ, ನನ್ನ ತಕರಾರು ಅದರ ಬಗ್ಗೆ.

ಆ ವೈಭವ ಹೇಗಿತ್ತು ಎಂಬುದನ್ನು ನಾನು ಕಂಡಿದ್ದೇನೆ. 1968ರಲ್ಲಿ ನಾನು ಶಿಕ್ಷಕನಾಗಿ ಸೇರಿದಾಗ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೂ ಬಂದಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಶನಿವಾರದ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಜೀಪುಗಳು ಬರುತ್ತಿದ್ದವು. ಬಂದವರ ಕೈಯಲ್ಲಿ ಬಂದೂಕು, ತಲೆಯ ಮೇಲೆ ಹ್ಯಾಟು. ತೋಟಾ ತುಂಬಿದ ಚೀಲ ಮಾತ್ರ ನಮ್ಮ ಶಾಲೆಯ ಆರನೆಯ, ಏಳನೆಯ ತರಗತಿಯ ಹುಡುಗರ ಹೆಗಲಿಗೆ. ದೊಡ್ಡವರು ಬೇಡ, ಹುಡುಗರೇ ಬೇಕು, ಯಾಕೆಂದರೆ ಹುಡುಗರು ಓಡುತ್ತಾರೆ, ಕೂಲಿ ಕೇಳುವುದಿಲ್ಲ, ಎದುರುತ್ತರ ಕೊಡುವುದಿಲ್ಲ. ದಿನವಿಡೀ ಎರೆಹೊಲದ ಹೆಂಟೆಗಳಲ್ಲಿ ಚೀಲ ಹೊತ್ತು ನಡೆದವನಿಗೆ ಸಂಜೆ ಎಂಟಾಣೆ, ಅದರೊಂದಿಗೆ ಖಾಲಿ ತೋಟಾಗಳು. ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ಆ ಖಾಲಿ ತೋಟಾಗಳ ಪೀಪಿ ಕೇಳಿಸಿತೆಂದರೆ ಯಾರ ಜೀಪು ಬಂದಿತ್ತು, ಯಾರು ಯಾರು ಹೋಗಿದ್ದರು ಎಂಬುದು ನನಗೆ ತಿಳಿಯುತ್ತಿತ್ತು.

ಈಗ ನೀವು ನನಗೆ ಕಳುಹಿಸುವ ಆ ಕಾಲದ ಭಾವಚಿತ್ರಗಳನ್ನು ನೋಡಿ. ನಡುವೆ ದಣಿ, ಪಕ್ಕದಲ್ಲಿ ಸ್ನೇಹಿತರು, ಕಾಲ ಬಳಿ ಸತ್ತ ಪ್ರಾಣಿ. ಚೀಲ ಹೊತ್ತ ಹುಡುಗ ಎಲ್ಲಿ? ಹುಡುಕಿದರೆ ಚೌಕಟ್ಟಿನ ಅಂಚಿನಲ್ಲಿ ಒಂದು ಮೊಣಕೈ, ಇಲ್ಲವೆ ಅರ್ಧ ಮುಖ. ಅವನ ಹೆಸರು ಹಿಂಬದಿಯ ಬರಹದಲ್ಲಿಯೂ ಇರುವುದಿಲ್ಲ.

ಇದನ್ನೇ ಪರಂಪರೆ ಎನ್ನುವವರಿಗೆ ಮಂಡ್ಯ ಸೀಮೆಯ ಆತಕೂರಿನ ಶಾಸನವನ್ನು ನೆನಪಿಸುತ್ತೇನೆ. ಅದು ಸುಮಾರು ಕ್ರಿ.ಶ. 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಗಂಗ ಬೂತುಗನಿಂದ ಬಹುಮಾನವಾಗಿ ಊರನ್ನು ಕೇಳಲಿಲ್ಲ, ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಒಂದು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಬೇಟೆಯಲ್ಲಿ ನೆರವಾದ ನಾಯಿಯ ಹೆಸರನ್ನು ಸಾವಿರ ವರ್ಷಗಳ ಹಿಂದಿನವರು ಕಲ್ಲಿನಲ್ಲಿ ಕೊರೆಸಿದರು. ಅರವತ್ತು ವರ್ಷಗಳ ಹಿಂದಿನವರು ಮನುಷ್ಯರ ಮಗುವಿನ ಹೆಸರನ್ನು ಕಾಗದದ ಮೇಲೂ ಬರೆಯಲಿಲ್ಲ. ಪರಂಪರೆಯನ್ನು ಮರಳಿ ತರುವುದಾದರೆ ಯಾವುದನ್ನು ತರುತ್ತೀರಿ, ಮೊದಲು ತೀರ್ಮಾನಿಸಿ.

ತೋಟಾ ಹೊರುವುದು ಆಳಿನ ಕೆಲಸ, ಗುರಿ ಹಿಡಿಯುವುದು ದಣಿಯ ಕೆಲಸ ಎಂಬ ಈ ಹಂಚಿಕೆ ಬರೀ ಅಹಂಕಾರವಲ್ಲ, ಅಜ್ಞಾನವೂ ಹೌದು. ಬಂದೂಕು ತಾನಾಗಿ ಏನನ್ನೂ ಮಾಡದು. ಗೋಡೆಗೆ ತೂಗುಹಾಕಿದರೆ ನೂರು ವರ್ಷ ತೂಗಿಕೊಂಡಿರುತ್ತದೆ. ಅಪಾಯವಿರುವುದು ಚೀಲದಲ್ಲಿ. ಆ ಚೀಲದ ಒಳಗಿನ ವಿದ್ಯೆಯನ್ನು ಒಂದಿಷ್ಟು ಬಿಡಿಸಿ ಹೇಳುತ್ತೇನೆ, ಅದು ಹನ್ನೆರಡು ವರ್ಷದ ಹುಡುಗನ ತಲೆಗೆ ಹೊರಿಸಬಹುದಾದ ಕೆಲಸವೇ ಎಂದು ನೀವೇ ಹೇಳಿ.

‘ಹನ್ನೆರಡು ಬೋರು’ ಎಂದರೇನು? ಒಂದು ಪೌಂಡು, ಎಂದರೆ ಸುಮಾರು 453 ಗ್ರಾಂ ಸೀಸವನ್ನು ಹನ್ನೆರಡು ಸಮಗಾತ್ರದ ಗುಂಡುಗಳಾಗಿ ಮಾಡಿದರೆ ಒಂದೊಂದರ ವ್ಯಾಸವೆಷ್ಟೋ ನಳಿಗೆಯ ವ್ಯಾಸ ಅಷ್ಟು, ಸುಮಾರು ಹದಿನೆಂಟೂವರೆ ಮಿಲಿಮೀಟರು. ಅದೇ ಸೀಸವನ್ನು ಇಪ್ಪತ್ತು ಭಾಗ ಮಾಡಿದರೆ ‘ಇಪ್ಪತ್ತು ಬೋರು’, ಸುಮಾರು ಹದಿನೈದೂವರೆ ಮಿಲಿಮೀಟರು. ಭಾಗ ಹೆಚ್ಚಾದಂತೆ ಪಾಲು ಚಿಕ್ಕದಾಗುತ್ತದೆ. ಇದು ಭಿನ್ನರಾಶಿಯ ಮೊದಲ ಪಾಠ. ಆದರೆ ಇಪ್ಪತ್ತು ಹನ್ನೆರಡಕ್ಕಿಂತ ದೊಡ್ಡದು ಎಂದು ತಿಳಿದ ಪದವೀಧರರನ್ನೂ ನಾನು ಕಂಡಿದ್ದೇನೆ.

ಈ ತಪ್ಪು ತಿಳಿವಳಿಕೆ ಚೀಲಕ್ಕೆ ಇಳಿದರೆ ಏನಾಗುತ್ತದೆ? ಹನ್ನೆರಡು ಬೋರಿನ ಬಂದೂಕಿಗೆ ಆತುರದಲ್ಲಿ ಇಪ್ಪತ್ತು ಬೋರಿನ ತೋಟಾ ಹಾಕಿದರೆ ಅದು ಒಳಗೆ ಜಾರಿ, ನಳಿಗೆ ಸಪೂರವಾಗುವ ಜಾಗದಲ್ಲಿ ತನ್ನ ಅಂಚಿನಿಂದ ಸಿಕ್ಕಿಕೊಂಡು ನಿಲ್ಲುತ್ತದೆ. ಹಿಂದಿನಿಂದ ನೋಡಿದರೆ ಬಂದೂಕು ಖಾಲಿಯಿದ್ದಂತೆ ಕಾಣುತ್ತದೆ. ಬೇಟೆಗಾರ ಅದರ ಹಿಂದೆ ಸರಿಯಾದ ಹನ್ನೆರಡು ಬೋರಿನದನ್ನು ತುಂಬಿ ಕುದುರೆ ಎಳೆಯುತ್ತಾನೆ. ನಳಿಗೆ ಸೀಳಿ, ನಳಿಗೆ ಹಿಡಿದ ಎಡಗೈ ಹೋಗುತ್ತದೆ. ಈ ಕಾರಣಕ್ಕಾಗಿಯೇ ಇಪ್ಪತ್ತು ಬೋರಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಹಲವು ದೇಶಗಳಲ್ಲಿ ನೆಲೆಗೊಂಡಿದೆ. ಎರಡು ಬೋರಿನ ತೋಟಾಗಳು ಒಂದೇ ಚೀಲದಲ್ಲಿರಬಾರದು ಎಂಬುದು ಬೇಟೆಯ ಮೊದಲ ನಿಯಮವಾಗಬೇಕು. ನಾನು ಕಂಡ ಚೀಲಗಳಲ್ಲಿ ಮೂವರು ಸ್ನೇಹಿತರ ಮೂರು ಬಗೆಯ ತೋಟಾಗಳು ಚುರುಮುರಿಯಂತೆ ಬೆರೆತಿರುತ್ತಿದ್ದವು.

ಒಂದೇ ಬೋರಿನಲ್ಲಿಯೂ ಭೇದಗಳಿವೆ. ಹಳೆಯ ವಿಲಾಯತಿ ಬಂದೂಕುಗಳಲ್ಲಿ ಹಲವಕ್ಕೆ 65 ಮಿಲಿಮೀಟರಿನ ತೋಟಾ, ಮುಂದೆ ಬಂದವಕ್ಕೆ 70ರದು. ಉದ್ದದ್ದನ್ನು ಗಿಡ್ಡ ಮನೆಯೊಳಗೆ ತುಂಬಿದರೆ ಹಾರಿಸುವ ಮೊದಲು ಸರಿಯಾಗಿಯೇ ಕೂರುತ್ತದೆ, ಯಾಕೆಂದರೆ ಅದರ ಬಾಯಿ ಮಡಿಚಿರುತ್ತದೆ. ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಇನ್ನು ಚರೆಯ ಗಾತ್ರ. ಎಲ್‌ಜಿ, ಎಸ್‌ಜಿ ಎಂದರೆ ಹಂದಿಯಂಥ ಪ್ರಾಣಿಗೆ ಬಳಸುವ ಕೆಲವೇ ದೊಡ್ಡ ಚರೆಗಳು. ಆರು, ಎಂಟು ಎಂಬ ಅಂಕೆಯವು ಹಕ್ಕಿಗೆ ಬಳಸುವ ನೂರಾರು ಸಣ್ಣ ಚರೆಗಳು. ಹಂದಿಯ ಮೇಲೆ ಹಕ್ಕಿಯ ಚರೆ ಹಾರಿಸಿದರೆ ಅದು ಸಾಯದೆ ಗಾಯಗೊಂಡು ಮರುದಿನ ಹುಲ್ಲಿಗೆ ಹೋದ ಹೆಣ್ಣುಮಗಳ ಮೇಲೆ ಎರಗುತ್ತದೆ. ಹೊದರಿನ ಹಕ್ಕಿಯ ಮೇಲೆ ಎಲ್‌ಜಿ ಹಾರಿಸಿದರೆ ಆಚೆ ದನ ಕಾಯುವವನ ಪ್ರಾಣಕ್ಕೆ ಸಂಚಕಾರ. ಆದ್ದರಿಂದ ಒಂದು ಬಗೆ ಎಡಜೇಬಿಗೆ, ಇನ್ನೊಂದು ಬಲಜೇಬಿಗೆ, ಹಾರಿಸಿದ ಖಾಲಿಗಳು ಮೂರನೆಯ ಜೇಬಿಗೆ ಎಂಬ ಶಿಸ್ತು ಬೇಕು. ಕತ್ತಲಲ್ಲಿಯೂ ಕೈ ತಪ್ಪಬಾರದು.

ರೈಫಲ್ಲಿನ ಗುಂಡಿನದು ಇನ್ನೂ ಬೇರೆಯ ಸಂಗತಿ. ನಮ್ಮ ದೇಶದ ಆಯುಧ ಕಾರ್ಖಾನೆಗಳು ನಾಗರಿಕರಿಗಾಗಿ ತಯಾರಿಸಿದ್ದು .315ರ ರೈಫಲ್ಲು. ಸೇನೆಯ .303 ನಾಗರಿಕರಿಗೆ ನಿಷಿದ್ಧ. ಚರೆ ಕೆಲವು ನೂರು ಮೀಟರಿಗೆ ಸೋತು ಬೀಳುತ್ತದೆ. ಆದರೆ ಮಕ್ಕಳ ಆಟಿಕೆಯಂತೆ ಕಾಣುವ .22ರ ಸಣ್ಣ ಗುಂಡು ಕೂಡ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಬಲ್ಲುದು. ದೊಡ್ಡ ರೈಫಲ್ಲಿನದು ಅದಕ್ಕೂ ಆಚೆ. ಮಲೆನಾಡಿನಲ್ಲಿ ಗುಡ್ಡವಿದೆ, ಮರಗಳಿವೆ, ಗುರಿ ತಪ್ಪಿದ ಗುಂಡನ್ನು ತಡೆಯಲು ಏನಾದರೊಂದು ಇರುತ್ತದೆ. ನಮ್ಮ ಹಡಗಲಿಯ ಎರೆಭೂಮಿಯಲ್ಲಿ ಏನಿದೆ? ಇತ್ತಲಿಂದ ಹಾರಿಸಿದ ಗುಂಡನ್ನು ತಡೆಯುವುದು ಮುಂದಿನ ಊರಿನ ಗೋಡೆ, ಇಲ್ಲವೆ ಕಳೆ ತೆಗೆಯುತ್ತಿರುವವರ ಬೆನ್ನು.

ಸಂಗ್ರಹದ ಮಾತೂ ಇದೆ. ಚರ್ಮದ ಪಟ್ಟಿಯಲ್ಲಿ ತೋಟಾ ಸಿಕ್ಕಿಸಿಕೊಂಡು ಹೋಗುವುದು ಒಂದು ದಿನಕ್ಕೆ ಸರಿ. ತಿಂಗಳುಗಟ್ಟಲೆ ಅದರಲ್ಲಿಯೇ ಬಿಟ್ಟರೆ ಚರ್ಮ ಹದಮಾಡಿದ ಒಗರಿನಿಂದ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಕಾಗದದ ಹಳೆಯ ತೋಟಾಗಳು ಮಳೆಗಾಲದಲ್ಲಿ ಉಬ್ಬಿ ಒಳಗೆ ಹೋಗುವುದೇ ಇಲ್ಲ, ಹೋದರೆ ಹೊರಗೆ ಬರುವುದಿಲ್ಲ. ಕುದುರೆ ಎಳೆದರೂ ಹಾರದ ತೋಟಾವನ್ನು ತಕ್ಷಣ ತೆರೆದು ನೋಡಬಾರದು. ನಳಿಗೆಯನ್ನು ಜನರಿಲ್ಲದ ದಿಕ್ಕಿಗೆ ಹಿಡಿದು ಕಡಿಮೆಯೆಂದರೂ ಅರ್ಧ ನಿಮಿಷ ಕಾಯಬೇಕು, ಯಾಕೆಂದರೆ ಒಳಗಿನ ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಆಮೇಲೆ ಆ ಹಾರದ ತೋಟಾವನ್ನು ಏನು ಮಾಡಬೇಕು? ಬೇರೆಯಾಗಿ ಕಟ್ಟಿಟ್ಟು ಮರಳಿ ತಂದು ಪರವಾನಗಿ ಉಳ್ಳ ಅಂಗಡಿಗೋ ಠಾಣೆಗೋ ಒಪ್ಪಿಸಬೇಕು. ನಮ್ಮ ದಣಿಗಳು ಮಾಡುತ್ತಿದ್ದದ್ದು ಒಂದೇ, ಬೈದು ಹೊಲದಲ್ಲಿ ಬಿಸಾಡುವುದು.

1971ರ ಬೇಸಿಗೆಯಲ್ಲಿ ಅಂಥ ಬಿಸಾಡಿದ ತೋಟಾ ಒಂದು ನಮ್ಮ ಏಳನೆಯ ತರಗತಿಯ ಹುಡುಗನಿಗೆ ಸಿಕ್ಕಿತು. ಹೊರಗಿನಿಂದ ಬಂದು ಎರಡು ದಿನ ಬೇಟೆಯಾಡಿ ಹೋಗಿದ್ದ ತಂಡದ್ದು. ಹುಡುಗರು ಸದೆ ಸುಡುವ ಬೆಂಕಿಯ ಸುತ್ತ ಕುಳಿತಿದ್ದರು. ಅವನು ಅದನ್ನು ಬೆಂಕಿಗೆ ಹಾಕಿದ. ನಳಿಗೆಯಿಲ್ಲದೆ ಸಿಡಿದ ತೋಟಾದಿಂದ ಚರೆ ದೂರ ಹೋಗುವುದಿಲ್ಲ, ಆದರೆ ಹಿತ್ತಾಳೆಯ ಚೂರು ಹಾರುತ್ತದೆ. ಚೂರು ಅವನ ಬಲಗಣ್ಣಿಗೆ ಬಡಿಯಿತು. ಬಸ್ಸು ಹಿಡಿದು ಬಳ್ಳಾರಿಗೆ ಒಯ್ಯುವ ಹೊತ್ತಿಗೆ ಕಣ್ಣು ಉಳಿಯುವಂತಿರಲಿಲ್ಲ. ಆ ತಂಡಕ್ಕೆ ಊರಿನಲ್ಲಿ ಆತಿಥ್ಯ ಕೊಟ್ಟವರನ್ನು ನಾನು ಕೇಳಿದೆ: “ಅವರು ತಂದ ತೋಟಾ ಎಷ್ಟು, ಹಾರಿಸಿದ್ದೆಷ್ಟು, ಮರಳಿ ಒಯ್ದದ್ದೆಷ್ಟು?” ಬಂದ ಉತ್ತರ ಇಂದಿಗೂ ನನ್ನ ಕಿವಿಯಲ್ಲಿದೆ: “ಅದನ್ನೆಲ್ಲಾ ಯಾರು ಎಣಿಸ್ತಾರ್ರೀ ಮಾಸ್ತರ?”

ಎಣಿಸಬೇಕಾಗಿತ್ತು. ಇದು ಎರಡನೆಯ ತರಗತಿಯ ಕಳೆಯುವ ಲೆಕ್ಕ. ತಂದದ್ದರಲ್ಲಿ ಹಾರಿಸಿದ್ದನ್ನು ಕಳೆದರೆ ಉಳಿದದ್ದು. ಹಾರಿಸಿದ್ದಕ್ಕೆ ಸಾಕ್ಷಿ ಖಾಲಿ ತೋಟಾ. ಇಪ್ಪತ್ತೈದು ತಂದು ಹದಿನೈದು ಮರಳಿದರೆ ಹತ್ತು ಖಾಲಿಗಳಿರಬೇಕು. ಒಂಬತ್ತಿದ್ದರೆ ಜೀಪು ಹೊರಡಬಾರದು, ಎಲ್ಲರೂ ಹೊಲಕ್ಕಿಳಿದು ಹತ್ತನೆಯದನ್ನು ಹುಡುಕಬೇಕು. ಆ ದಿನ ಆ ಒಂದು ಲೆಕ್ಕ ಮಾಡಿದ್ದರೆ ಒಬ್ಬ ಹುಡುಗ ಎರಡು ಕಣ್ಣುಗಳಿಂದ ಲೋಕ ನೋಡುತ್ತಿದ್ದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮಲ್ಲಿ ಹಲವರು ಅವನ ಜೊತೆಗೆ ಕುಳಿತು ಓದಿದವರು, ನಿಮಗೆ ಗೊತ್ತು.

ಈಗ ನೀವು ಹೇಳುವ ಆಕ್ಷೇಪಣೆಗಳಿಗೆ ಬರುತ್ತೇನೆ.

ಮೊದಲನೆಯದು: “ಕೊಡಗಿನವರಿಗೆ ಪರವಾನಗಿಯೇ ಬೇಡ, ನಮಗೇಕೆ ಇಷ್ಟು ಕಟ್ಟುಪಾಡು?” ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ, 2029ರವರೆಗೆ ಮುಂದುವರಿಸಿತು ಎಂಬುದು ನಿಜ. ಆದರೆ ಅಲ್ಲಿಯ ಕೈಲ್‌ಪೊಳ್ದ್ ಹಬ್ಬವನ್ನು ಗಮನಿಸಿ. ನಾಟಿಯ ಕೆಲಸದ ಕಾಲದಲ್ಲಿ ಕೋವಿಯನ್ನು ದೇವರ ಕೋಣೆಯಲ್ಲಿ ಇಟ್ಟುಬಿಡುವುದು, ಕೆಲಸ ಮುಗಿದ ಮೇಲೆ ಒರೆಸಿ, ಹೂವಿಟ್ಟು, ಹಿರಿಯರ ಎದುರು ಮರಳಿ ಕೈಗೆತ್ತಿಕೊಳ್ಳುವುದು ಅದರ ಸಂಪ್ರದಾಯ. ಯಾವಾಗ ಎತ್ತಿಕೊಳ್ಳಬೇಕು ಎಂಬಷ್ಟೇ ಮುಖ್ಯವಾಗಿ ಯಾವಾಗ ಇಡಬೇಕು ಎಂಬುದನ್ನು ಅವರು ಹಬ್ಬವಾಗಿಸಿಕೊಂಡರು. ನಿಮ್ಮ ಮನವಿಯಲ್ಲಿ ಇಡುವ ಮಾತು ಎಲ್ಲಿದೆ?

ಎರಡನೆಯದು: “ನಮ್ಮ ಭಾಗದವರು ಆಯುಧಕ್ಕಾಗಿ ಪ್ರಾಣ ಕೊಟ್ಟವರು.” ಇದೂ ನಿಜ. 1857ರ ನವೆಂಬರಿನಲ್ಲಿ ನಿಶ್ಶಸ್ತ್ರೀಕರಣದ ಕಾಯ್ದೆಯನ್ನು ಧಿಕ್ಕರಿಸಿ ಹಲಗಲಿಯ ಬೇಡರು ಸತ್ತರು, ನೇಣುಗಂಬ ಏರಿದರು. ಇನ್ನೂ ಹತ್ತಿರಕ್ಕೆ ಬನ್ನಿ. ನಮ್ಮ ಹೊಳೆಯ ಆಚೆ ದಂಡೆಯ ಹಮ್ಮಿಗೆ, ಇಂದು ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಇರುವ ಊರು. ಅಲ್ಲಿಯ ಕೆಂಚನಗೌಡರು ಮುಂಡರಗಿ ಭೀಮರಾಯರ ಜೊತೆಗೂಡಿ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದರು. ಹಮ್ಮಿಗೆಯಲ್ಲಿ ಕೂಡಿಟ್ಟಿದ್ದ ಆಯುಧ ಸಾಮಗ್ರಿ ಸರ್ಕಾರದ ಕಣ್ಣಿಗೆ ಬಿದ್ದದ್ದರಿಂದ ಆ ಬಂಡಾಯ ಅವಸರದಲ್ಲಿ ಸಿಡಿಯಿತು, ಜೂನ್ ಹೊತ್ತಿಗೆ ಕೊಪ್ಪಳದ ಕೋಟೆಯಲ್ಲಿ ಮುಗಿಯಿತು. ಈ ಇತಿಹಾಸ ಹೇಳುವುದೇನು? ಮದ್ದುಗುಂಡು ಎಲ್ಲಿದೆ, ಯಾರ ವಶದಲ್ಲಿದೆ ಎಂಬುದು ಬಂದೂಕಿಗಿಂತ ದೊಡ್ಡ ಪ್ರಶ್ನೆ ಎಂದು. ಪರಕೀಯ ಸರ್ಕಾರಕ್ಕೆ ಅದು ಚೆನ್ನಾಗಿ ಗೊತ್ತಿತ್ತು, ಭೀಮರಾಯರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ವಾರಾಂತ್ಯದ ಶಿಕಾರಿಗಳಿಗೆ ಮಾತ್ರ. ನಾಡಿಗಾಗಿ ಮದ್ದು ಕೂಡಿಟ್ಟವರ ಹೆಸರನ್ನು, ಮೋಜಿಗಾಗಿ ಮದ್ದು ಚೆಲ್ಲಿದವರ ರಕ್ಷಣೆಗೆ ಎಳೆದು ತರಬೇಡಿ.

ಮೂರನೆಯದು: “ಕೇರಳದಲ್ಲಿ ಹಂದಿ ಹೊಡೆಯಲು ಪಂಚಾಯಿತಿಗೇ ಅಧಿಕಾರ ಕೊಟ್ಟಿದ್ದಾರೆ.” ಹೌದು, 2022ರಲ್ಲಿ ಅಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಗೌರವ ವನ್ಯಜೀವಿ ಪರಿಪಾಲಕರ ಸ್ಥಾನ ಕೊಟ್ಟು, ಬೆಳೆಗೆ ಹಾನಿ ಮಾಡುವ ಹಂದಿಯನ್ನು ಪರವಾನಗಿ ಉಳ್ಳವರಿಂದ ಕೊಲ್ಲಿಸುವ ಅವಕಾಶ ಮಾಡಿದರು. ಅದು ಆದೇಶದ ಮೇರೆಗೆ ನಡೆಯುವ ಕೆಲಸ, ವಿನೋದದ ಬೇಟೆಯಲ್ಲ. 1972ರ ವನ್ಯಜೀವಿ ಕಾಯ್ದೆಯ 9ನೆಯ ಕಲಂ ಬೇಟೆಯನ್ನು ನಿಷೇಧಿಸುತ್ತದೆ. 11ನೆಯ ಕಲಂ ಒಂದು ಸಣ್ಣ ಕಿಂಡಿ ಬಿಡುತ್ತದೆ: ಎರಡನೆಯ ಪಟ್ಟಿಯಲ್ಲಿರುವ ಹಂದಿಯಂಥ ಪ್ರಾಣಿ ಜೀವಕ್ಕೋ ನಿಂತ ಬೆಳೆಗೋ ಅಪಾಯಕಾರಿಯಾದರೆ ಅಧಿಕಾರಿಯು ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಮೊದಲನೆಯ ಪಟ್ಟಿಯ ಕೃಷ್ಣಮೃಗಕ್ಕೆ ಬೆಳೆ ತಿಂದದ್ದು ಕೊಲ್ಲುವ ಕಾರಣವೇ ಆಗುವುದಿಲ್ಲ. ನಿಮ್ಮ ಮನವಿಯಲ್ಲಿ ಹಂದಿ ಮತ್ತು ಜಿಂಕೆ ಎಂದು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಹೊಳೆ ದಾಟಿದರೆ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕಾಗಿಯೇ 1974ರಿಂದ ಅಭಯಾರಣ್ಯವಿದೆ ಎಂಬುದು ನಿಮಗೆ ನೆನಪಿರಬೇಕಿತ್ತು.

ನಾಲ್ಕನೆಯದು, ಹೆಚ್ಚು ಜನ ಹೇಳುವುದು: “ಚೀಲ ಹೊರಲು ಯಾರಾದರೂ ಬೇಕಲ್ಲ ಸರ್, ಊರ ಹುಡುಗರಿಗೂ ನಾಲ್ಕು ಕಾಸು ಸಿಗುತ್ತದೆ.” ಈ ಮಾತನ್ನು ಕೇಳಿದಾಗ ನನಗೆ ಬರುವ ಸಿಟ್ಟನ್ನು ಸಭ್ಯ ಭಾಷೆಯಲ್ಲಿ ಬರೆಯಲಾರೆ. ಕಾನೂನನ್ನೇ ಹೇಳುತ್ತೇನೆ. 1959ರ ಆಯುಧ ಕಾಯ್ದೆಯ 3ನೆಯ ಕಲಮಿನ ಪ್ರಕಾರ ಪರವಾನಗಿದಾರನ ಬಳಕೆಗಾಗಿ ಇನ್ನೊಬ್ಬನು ಆಯುಧವನ್ನಾಗಲಿ ಮದ್ದುಗುಂಡನ್ನಾಗಲಿ ಹೊರಬಹುದು, ಆದರೆ ಪರವಾನಗಿದಾರನ ಸಮಕ್ಷಮದಲ್ಲಿ ಅಥವಾ ಅವನ ಲಿಖಿತ ಅಧಿಕಾರದ ಮೇಲೆ ಮಾತ್ರ. 9ನೆಯ ಕಲಮಿನ ಪ್ರಕಾರ ಇಪ್ಪತ್ತೊಂದು ವರ್ಷ ತುಂಬದವನು ಹೊರುವಂತಿಲ್ಲ. ಗುರಿ ಅಭ್ಯಾಸದ ತರಬೇತಿಗೆ ಮಾತ್ರ ಬೇರೆ ನಿಯಮವಿದೆ. ಹನ್ನೆರಡು ವರ್ಷದವನ ಹೆಗಲಿಗೆ ಚೀಲ ಹಾಕುವುದು ಉಪಕಾರವಲ್ಲ, ಅಪರಾಧ.

ಪರದೇಶದಲ್ಲಿರುವ ನಮ್ಮವರಿಗೂ ಒಂದು ಮಾತು. ಅಮೆರಿಕದಲ್ಲಿ ಜಿಂಕೆಯ ಬೇಟೆಗೆ ಹೋಗುವವರು ನಮ್ಮ ಬಂಧುಗಳಲ್ಲಿಯೂ ಈಗ ಇದ್ದಾರೆ. ಅಲ್ಲಿಯ ಕಾನೂನಿನಂತೆ ಹೋಗುವುದು ಅವರ ಇಷ್ಟ. ಆದರೆ ಬೇಟೆಗೆ ಒಯ್ದ ಚೀಲದಲ್ಲಿಯೇ ಬಟ್ಟೆ ತುಂಬಿಕೊಂಡು ಊರಿಗೆ ಬರಬೇಡಿ. ಚೀಲದ ಅಸ್ತರಿನ ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ವಿಮಾನ ನಿಲ್ದಾಣದ ಯಂತ್ರಕ್ಕೆ ಕಾಣುತ್ತದೆ. ಪ್ರಜ್ಞಾಪೂರ್ವಕವಾದ ವಶವಿದ್ದರೆ ಮಾತ್ರ ಅದು ಅಪರಾಧವೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯ 1972ರ ಗುಣವಂತಲಾಲ್ ಪ್ರಕರಣದಲ್ಲಿಯೇ ಹೇಳಿದೆ, ಅದನ್ನು ಆಧರಿಸಿ ಉಚ್ಚ ನ್ಯಾಯಾಲಯಗಳು ಇಂಥ ಮೊಕದ್ದಮೆಗಳನ್ನು ರದ್ದುಗೊಳಿಸಿದ್ದೂ ಉಂಟು. ಆದರೆ ಉಚ್ಚ ನ್ಯಾಯಾಲಯದವರೆಗೆ ಹೋಗುವ ದಾರಿಯಲ್ಲಿ ಠಾಣೆಯಿದೆ, ವಕೀಲರ ಶುಲ್ಕವಿದೆ, ಮರಳಿ ಹೋಗುವ ವಿಮಾನ ತಪ್ಪುವುದಿದೆ. ಕ್ರೀಡೆಗಾಗಿ ತೋಟಾ ಒಯ್ಯುವವರಿಗೆ ಅಂತರರಾಷ್ಟ್ರೀಯ ವಿಮಾನ ನಿಯಮಗಳು ಒಬ್ಬರಿಗೆ ಐದು ಕಿಲೋ ಮಿತಿ ಹಾಕಿವೆ, ಅದೂ ಕೈಚೀಲದಲ್ಲಿ ಅಲ್ಲ, ಭದ್ರವಾಗಿ ಕಟ್ಟಿ, ವಿಮಾನದವರಿಗೆ ಮೊದಲೇ ತಿಳಿಸಿ. ಲೋಕವೆಲ್ಲ ತೋಟಾವನ್ನು ತೂಗಿ ಎಣಿಸುತ್ತದೆ. ಎಣಿಸದಿರುವುದನ್ನು ದೊಡ್ಡಸ್ತಿಕೆ ಎಂದು ತಿಳಿದವರು ನಾವು ಮಾತ್ರ.

ಹಾರಿಸಿದ ಮೇಲೂ ತೋಟಾದ ಲೆಕ್ಕ ಮುಗಿಯುವುದಿಲ್ಲ. ಚರೆ ಎಂದರೆ ಸೀಸ, ಸೀಸ ಎಂದರೆ ವಿಷ. ಕೆರೆಯ ಕೆಸರಿನಲ್ಲಿ ಬಿದ್ದ ಚರೆಯನ್ನು ಬಾತುಗಳು ಹರಳೆಂದು ನುಂಗಿ ನರಳಿ ಸಾಯುತ್ತವೆ. ಅಮೆರಿಕವು ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು 1991ರಲ್ಲಿ ನಿಷೇಧಿಸಿತು. ಐರೋಪ್ಯ ಒಕ್ಕೂಟ 2023ರಿಂದ ಜೌಗುಭೂಮಿಗಳಲ್ಲಿ ನಿಷೇಧಿಸಿದೆ. ನಮ್ಮ ನೆರೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿತು. ಊರ ಜನ ಕಾಪಾಡಿಕೊಂಡು ಬಂದ ಹಕ್ಕಿಗಳಿಗೆ ಸಿಕ್ಕ ಮಾನ್ಯತೆ ಅದು. ಬಂದೂಕು ಧಾರಾಳವಾದರೆ ಹಂದಿಗೆಂದು ಪಡೆದ ತೋಟಾ ಕತ್ತಲಲ್ಲಿ ಕೆರೆಯ ದಂಡೆಗೆ ಹೋಗುವುದಿಲ್ಲ ಎಂದು ಯಾರು ಜಾಮೀನು ನಿಲ್ಲುತ್ತೀರಿ?

ಬಂದೂಕು ಕೊಡದಿದ್ದರೆ ರೈತರು ಸಿಡಿಮದ್ದಿನ ಉಂಡೆ ಇಡುತ್ತಾರೆ, ತಂತಿಗೆ ಕರೆಂಟು ಬಿಡುತ್ತಾರೆ ಎಂದು ಒಬ್ಬ ಶಿಷ್ಯ ವಾದಿಸಿದ್ದಾನೆ. ಇದು ತೂಕವುಳ್ಳ ಮಾತು. ಆ ಉಂಡೆಯನ್ನು ಕಚ್ಚಿ ದವಡೆ ಒಡೆದುಕೊಂಡ ಹಸುವಿನ ಸ್ಥಿತಿ ಯಾವ ಗೋಪಾಲಕನೂ ನೋಡಲಾರದಂಥದು. ಆದರೆ ಅವನಿಗೆ ನನ್ನ ಉತ್ತರ ಇದೇ: ಸಿಡಿಮದ್ದಿನ ಉಂಡೆ ಎಂದರೇನು? ಲೆಕ್ಕಕ್ಕೆ ಸಿಗದ, ಯಾರದೆಂದು ಹೇಳಲಾಗದ, ಹೊಲದಲ್ಲಿ ಬಿಟ್ಟುಹೋದ ಮದ್ದು. ಲೆಕ್ಕವಿಲ್ಲದ ತೋಟಾ ಕೂಡ ಅದೇ. ಒಂದು ಕೇಡನ್ನು ತಪ್ಪಿಸಲು ಅದರ ತಮ್ಮನನ್ನು ಮನೆಗೆ ಕರೆಯುವುದು ಉಪಾಯವಲ್ಲ.

ಆದ್ದರಿಂದ ಮನವಿಯ ಮೊದಲ ಬೇಡಿಕೆಗೆ ನಾನು ಇಂದೇ ಸಹಿ ಹಾಕುತ್ತೇನೆ. ಅದನ್ನು ಬೇರೆ ಹಾಳೆಯಲ್ಲಿ ಬರೆದು ತನ್ನಿ. ಎರಡನೆಯದಕ್ಕೆ ನನ್ನ ಸಹಿ ಬೇಕಾದರೆ ‘ಪರಂಪರೆ’ ಎಂಬ ಮಾತನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ಇಷ್ಟನ್ನು ಸೇರಿಸಿ. ಲಿಖಿತ ಆದೇಶ ಬಂದ ದಿನ, ಆದೇಶದಲ್ಲಿ ಹೆಸರಿರುವವನು ಮಾತ್ರ, ಹಂದಿಗಾಗಿ ಮಾತ್ರ ಹೋಗಬೇಕು. ಒಂದು ಸರದಿಗೆ ಒಂದೇ ಬೋರು. ತೋಟಾಗಳನ್ನು ಹೊರಡುವ ಮೊದಲು ಪಂಚಾಯಿತಿಯ ಕಟ್ಟೆಯ ಮೇಲೆ ಇಬ್ಬರು ಸಾಕ್ಷಿಗಳ ಎದುರು ಎಣಿಸಿ ವಹಿಯಲ್ಲಿ ಬರೆಯಬೇಕು. ಮರಳಿ ಬಂದ ಮೇಲೆ ಉಳಿದವುಗಳನ್ನೂ ಖಾಲಿಗಳನ್ನೂ ಹಾರದವುಗಳನ್ನೂ ಅದೇ ಕಟ್ಟೆಯ ಮೇಲೆ ಎಣಿಸಬೇಕು. ಲೆಕ್ಕ ಕೂಡದಿದ್ದರೆ ಆ ಹೊಲಕ್ಕೆ ಮಕ್ಕಳನ್ನು ಬಿಡಬಾರದು, ಸಿಗುವವರೆಗೆ ಆ ಬಂದೂಕು ಮತ್ತೆ ಹೊರಡಬಾರದು. ಚೀಲವನ್ನು ಪರವಾನಗಿದಾರ ತನ್ನ ಸ್ವಂತ ಹೆಗಲ ಮೇಲೆ ಹೊರಬೇಕು.

ಕೊನೆಯ ಷರತ್ತನ್ನು ಓದಿ ಕೆಲವರು ನಗುತ್ತೀರಿ ಎಂದು ನನಗೆ ಗೊತ್ತು. ಆದರೆ ಮಿಕ್ಕೆಲ್ಲ ಷರತ್ತುಗಳೂ ಅದರಲ್ಲಿ ಅಡಗಿವೆ. ತಾನೇ ಹೊತ್ತವನಿಗೆ ಭಾರ ಗೊತ್ತಾಗುತ್ತದೆ. ಭಾರ ಗೊತ್ತಾದವನು ಬೇಕಾದಷ್ಟೇ ಒಯ್ಯುತ್ತಾನೆ, ಬೇಕಾದಷ್ಟೇ ಒಯ್ದವನು ಎಣಿಸುತ್ತಾನೆ, ಎಣಿಸಿದವನು ಯೋಚಿಸಿ ಹಾರಿಸುತ್ತಾನೆ. ಇಷ್ಟಕ್ಕೆ ಒಪ್ಪುವವರು ಮನವಿಯನ್ನು ತಿದ್ದಿ ತನ್ನಿ, ನನ್ನ ಮನೆಯ ಬಾಗಿಲು ತೆರೆದಿದೆ. ಒಪ್ಪದವರು ಗೋಡೆಯ ಮೇಲಿನ ಕೋಡುಗಳನ್ನು ನೋಡಿಕೊಂಡು ಸುಖವಾಗಿರಲಿ. ನಮ್ಮ ಊರಿನ ಮಕ್ಕಳ ಹೆಗಲು ಪಾಟೀಚೀಲಕ್ಕೆ ಇರುವುದು.